ಬಾಗಿಲು ಕಾಯುವವನು ಮೂರ್ಛೆ ಹೋದರೆ

ಈಗಿನ ಕಾಲದಲ್ಲಿ ಅಂಗಡಿ, ಪಾಠಶಾಲೆ, ಎಷ್ಟೋ ಮನೆಗಳು ಕೂಡ ಇಂಟರ್‌ನೆಟ್ಟಿನ ಸಂಪರ್ಕವಿಲ್ಲದೆ ನಡೆಯುವುದಿಲ್ಲವಷ್ಟೆ. ಹೊರಗಿನಿಂದ ಬರತಕ್ಕದ್ದನ್ನೆಲ್ಲ ತಡೆದು ಪರೀಕ್ಷಿಸಿ, ತಕ್ಕದ್ದನ್ನು ಮಾತ್ರ ಒಳಗೆ ಬಿಡುವ ಯಂತ್ರಕ್ಕೆ ಫೈರ್‌ವಾಲ್ ಎಂದು ಹೆಸರು. ಹಳೆಯ ಕಂಪ್ಯೂಟರೊಂದಕ್ಕೆ ಎರಡು ನೆಟ್‌ವರ್ಕ್ ಕಾರ್ಡುಗಳನ್ನು ಕೂಡಿಸಿ, 1993ರಲ್ಲಿ ಹೊರಬಂದ ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆಯನ್ನು ಆಧರಿಸಿದ ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್ ಮುಂತಾದ ತಂತ್ರಾಂಶವೊಂದನ್ನು ತುಂಬಿದರೆ, ಅಲ್ಪ ವೆಚ್ಚದಲ್ಲಿಯೇ ಇಂಥ ದ್ವಾರಪಾಲಕನು ಸಿದ್ಧನಾಗುತ್ತಾನೆ. ಒಂದು ಕಾರ್ಡು ಬೀದಿಯ ಕಡೆಗೆ, ಮತ್ತೊಂದು ಮನೆಯ ಕಡೆಗೆ. ಆದರೆ ಈ ದ್ವಾರಪಾಲಕನೇ ಆಗಾಗ ಮೂರ್ಛೆ ಹೋಗುತ್ತಿದ್ದರೆ ಏನು ಮಾಡತಕ್ಕದ್ದು ಎಂಬುದು ಈ ತಿಂಗಳಿನ ವಿಚಾರ.

ಅಂಗೈಯಗಲದ ಕಾರ್ಡು ಇಡೀ ಯಂತ್ರವನ್ನು ಕೆಡಹುವುದು ಹೇಗೆಂದು ವಾಚಕರು ಕೇಳಬಹುದು. ಬೇಲೂರಿನ ಚೆನ್ನಕೇಶವಾಲಯವನ್ನು ನೆನೆದುಕೊಳ್ಳಿರಿ. ನವರಂಗದಲ್ಲಿ ನಿಂತ ಭಕ್ತನ ಕೈಯಿಂದ ತಟ್ಟೆ ಜಾರಿದರೆ ಪೂಜೆ ನಿಲ್ಲುವುದಿಲ್ಲ. ಗರ್ಭಗುಡಿಯಲ್ಲಿ ಅರ್ಚಕರೇ ಕುಸಿದರೆ ಪೂಜೆ ನಿಂತಿತು. ಸಾಮಾನ್ಯ ತಂತ್ರಾಂಶಗಳೆಲ್ಲ ನವರಂಗದವು. ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವಾದರೋ ಕರ್ನೆಲ್ ಎಂಬ ಗರ್ಭಗುಡಿಯೊಳಗೆ ಇರತಕ್ಕದ್ದು. ಮೇಲಾಗಿ, ಕಾರ್ಡು ತನಗೆ ಬಂದುದನ್ನು ಯಂತ್ರದ ಮೆಮೊರಿಯಲ್ಲಿ ತಾನೇ ನೇರವಾಗಿ ಬರೆಯುತ್ತದೆ. ಅಲ್ಲಿ ತಪ್ಪು ನಡೆದರೆ ತಿದ್ದುವವರಿಲ್ಲ, ಯಂತ್ರವೇ ಬಿದ್ದುಹೋಗುತ್ತದೆ.

ಕೆಲಕಾಲದ ಹಿಂದೆ ಅರಸೀಕೆರೆಯ ಪಾಠಶಾಲೆಯೊಂದರಲ್ಲಿ ಹೀಗೆಯೇ ಆಯಿತು. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಳುಹಿಸುವ ಕಡೆಯ ವಾರ. ಪ್ರತಿದಿನವೂ ಮಧ್ಯಾಹ್ನ ಫೈರ್‌ವಾಲ್ ಯಂತ್ರವು ನಿಂತುಹೋಗುವುದು. ಆರಿಸಿ ಹಚ್ಚಿದರೆ ಏಳುವುದು. ವಿದ್ಯುತ್ತಿನ ದೋಷವೆಂದು ಒಬ್ಬರು, ಬಿಸಿಲಿನ ತಾಪವೆಂದು ಒಬ್ಬರು. ಬಹುಮಂದಿಯ ಬೆರಳು ಮಾತ್ರ ಯಂತ್ರವನ್ನು ನೋಡಿಕೊಳ್ಳುವ ತರುಣನ ಕಡೆಗೆ ತಿರುಗಿತು. ಹಳೇಬೀಡಿನಿಂದ ಬಂದುಹೋಗುವ ಬಡವರ ಹುಡುಗ. “ಈ ಫೈರ್‌ವಾಲನ್ನು ಕಿತ್ತು, ತಂತಿಯನ್ನು ನೇರವಾಗಿ ಒಳಗೆ ಸೇರಿಸಿಬಿಡಿ” ಎಂದು ಆಡಳಿತದ ಹಿರಿಯರೊಬ್ಬರು ಅಪ್ಪಣೆ ಮಾಡಿದರು. “ಬೇಡಿ ಸ್ವಾಮಿ, ಮಕ್ಕಳ ಬ್ಯಾಂಕಿನ ಲೆಕ್ಕವೆಲ್ಲ ಒಳಗಿದೆ. ಎರಡು ರಾತ್ರಿ ಅವಕಾಶ ಕೊಡಿ” ಎಂದು ಹುಡುಗನು ಕೈಮುಗಿದನು. ಹೊಯ್ಸಳರ ದೋರಸಮುದ್ರದ ಮೇಲೆ 1311ರಲ್ಲಿ ಮಲಿಕ್ ಕಾಫರನ ದಂಡು ಬಂದುದನ್ನು ವಾಚಕರು ಬಲ್ಲರು. ಬಾಗಿಲಿನ ಅಗುಳಿ ಸಡಿಲವಾಯಿತೆಂದು ಕೋಟೆಯ ಗೋಡೆಯನ್ನೇ ಕೆಡಹುವುದು ಯಾವ ವಿವೇಕ? ನಾನೂ ಹುಡುಗನ ಪಕ್ಷವನ್ನೇ ಹಿಡಿದೆನು. ಅವಕಾಶ ದೊರೆಯಿತು.

ನಮ್ಮ ಶಾಸ್ತ್ರಜ್ಞರು ಕಾರಣವನ್ನು ನಿಶ್ಚಯಿಸಲು ಅನ್ವಯ-ವ್ಯತಿರೇಕಗಳೆಂಬ ಉಪಾಯವನ್ನು ಹೇಳಿದ್ದಾರೆ. ಇದು ಇದ್ದರೆ ಅದು ಉಂಟು ಎಂಬುದು ಅನ್ವಯ. ಇದು ಇಲ್ಲದಿದ್ದರೆ ಅದೂ ಇಲ್ಲ ಎಂಬುದು ವ್ಯತಿರೇಕ. ಎರಡೂ ಕೂಡಬೇಕು. ತರುಣನು ಸಂಸ್ಕೃತವನ್ನು ಓದಿದವನಲ್ಲವಾದರೂ ಮಾಡಿದುದು ಇದನ್ನೇ. ತಂಪಾದ ರಾತ್ರಿಯಲ್ಲಿ ದೊಡ್ಡ ದೊಡ್ಡ ಕಡತಗಳನ್ನು ಒಂದೇ ಸಮನೆ ಯಂತ್ರದ ಮೂಲಕ ಹರಿಯಿಸಿದನು, ಯಂತ್ರ ಬಿದ್ದಿತು. ಆದುದರಿಂದ ತಾಪವು ಕಾರಣವಲ್ಲ, ಹೊರೆಯೇ ನಿಮಿತ್ತ. ಬೀಳುವ ಮುನ್ನ ಪರದೆಯ ಮೇಲೆ ಮನೆಯ ಕಡೆಯ ಕಾರ್ಡಿನ ಹೆಸರಿನೊಡನೆ ‘ವಾಚ್‌ಡಾಗ್ ಟೈಮ್‌ಔಟ್’ ಎಂಬ ಮಾತು ಕಾಣಿಸಿತು. ಒಪ್ಪಿಸಿದ ಕೆಲಸವನ್ನು ಕಾರ್ಡು ಗೊತ್ತಾದ ಹೊತ್ತಿನೊಳಗೆ ಮುಗಿಸಲಿಲ್ಲ ಎಂದು ಅದರ ಅರ್ಥ. ಹುಡುಗನು ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟನು. ಬಳಿಕ ಒಂದು ಸಲಕ್ಕೆ ಒಂದೇ ಬದಲಾವಣೆ: ಮೊದಲು ತಂತಿ, ಅನಂತರ ಕಾರ್ಡು ಕೂರುವ ಸ್ಥಳ, ಅನಂತರ ಲೆಕ್ಕಾಚಾರವನ್ನು ಕಾರ್ಡಿಗೆ ವಹಿಸುವ ಆಫ್‌ಲೋಡಿಂಗ್ ಏರ್ಪಾಡನ್ನು ನಿಲ್ಲಿಸುವುದು. ಪ್ರತಿಸಲವೂ ಅದೇ ಹೊರೆ. ಪ್ರತಿಸಲವೂ ಯಂತ್ರ ಬಿದ್ದಿತು. ಎರಡನೆಯ ರಾತ್ರಿ ಬೇರೆ ತಯಾರಿಕೆಯ ಕಾರ್ಡನ್ನು ಇಟ್ಟನು. ಬೆಳಗಿನವರೆಗೂ ಯಂತ್ರ ಅಲುಗಲಿಲ್ಲ.

ಇಲ್ಲಿಗೆ ಸಂತೋಷಪಟ್ಟು ಮಲಗುವವರೇ ಬಹಳ. ಆದರೆ ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದ ಮಾತ್ರಕ್ಕೆ ಕಾಗೆಯೇ ಹಣ್ಣನ್ನು ಕೆಡಹಿತೆನ್ನಲಾಗದು. ಹುಡುಗನು ಹಳೆಯ ಕಾರ್ಡನ್ನು ಮತ್ತೆ ಕೂಡಿಸಿ, ಅದೇ ಹೊರೆಯನ್ನು ಹೊರಿಸಿದನು. ಗಂಟೆಯೊಳಗೆ ಯಂತ್ರ ಬಿದ್ದಿತು. ಆಗ ನಿಶ್ಚಯವಾಯಿತು. ವಿಶೇಷವೇನೆಂದರೆ, ಅದೇ ಕಾರ್ಡು ಬೇರೊಂದು ವ್ಯವಸ್ಥೆಯುಳ್ಳ ಕಂಪ್ಯೂಟರಿನಲ್ಲಿ ನಿರಾತಂಕವಾಗಿ ನಡೆಯಿತು. ಕಾರ್ಡು ಸತ್ತಿರಲಿಲ್ಲ, ಆ ಕಾರ್ಡಿಗೂ ಫೈರ್‌ವಾಲಿನಲ್ಲಿದ್ದ ಡ್ರೈವರಿಗೂ ಹೊಂದಿಕೆಯಿರಲಿಲ್ಲ. ಇಂಥಲ್ಲಿ ತಕ್ಕ ಡ್ರೈವರನ್ನು ಹುಡುಕಿ ತುಂಬುವುದು ಒಂದು ದಾರಿ. ಆ ವ್ಯವಸ್ಥೆಗೆ ಒಗ್ಗಿದ ಕಾರ್ಡನ್ನು ಇಡುವುದು ಮತ್ತೊಂದು. ಗಡುವು ಹತ್ತಿರವಿದ್ದುದರಿಂದ ಶಾಲೆಯವರು ಎರಡನೆಯದನ್ನು ಹಿಡಿದರು. ಅರ್ಜಿಗಳು ವೇಳೆಗೆ ಹೋದವು. ಅಪ್ಪಣೆ ಮಾಡಿದ್ದ ಹಿರಿಯರು ತಾವಾಗಿಯೇ ಹುಡುಗನನ್ನು ಕರೆದು, “ನಿನ್ನ ಮೇಲೆ ಸಂಶಯಪಟ್ಟೆವಪ್ಪ” ಎಂದರು.

ಗೃಹಸ್ಥರು ನೆನಪಿಡತಕ್ಕದ್ದು ಇಷ್ಟು. ಯಂತ್ರ ಬಿದ್ದ ಹೊತ್ತು, ಆಗ ನಡೆಯುತ್ತಿದ್ದ ಕೆಲಸ, ಪರದೆಯ ಮೇಲಿನ ಮಾತು, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಬಾರದು. ಫೈರ್‌ವಾಲಿನ ಏರ್ಪಾಡುಗಳ ಪ್ರತಿಯೊಂದು ಬೇರೆಡೆಯಲ್ಲಿಯೂ, ಒಗ್ಗಿದ ಕಾರ್ಡೊಂದು ಪೆಟ್ಟಿಗೆಯಲ್ಲಿಯೂ ಇರಲಿ. ಎಷ್ಟು ಅವಸರವಿದ್ದರೂ ಕಾವಲನ್ನು ತೆಗೆದು ಕೆಲಸ ಸಾಗಿಸಬಾರದು. ಯಂತ್ರದ ದೋಷ ಗೊತ್ತಾಗುವ ಮೊದಲೇ ಮನುಷ್ಯನ ಮೇಲೆ ದೋಷ ಹೊರಿಸುವುದಂತೂ ಕೂಡದು.