ಪಾತಾಳದಿಂದ ಮೇಲೆ ಬಂದವನ ಕತೆ

ಭೂತ, ಮಾಯೆ, ಪವಾಡಗಳ ಕತೆಯೆಂದರೆ ನಮ್ಮಂಥವರಿಗೆ ಮೊದಲಿನಿಂದಲೂ ಅಸಡ್ಡೆ. ಹಸಿದವನ ಕೈಗೆ ಕನಸಿನ ಬುತ್ತಿ ಕೊಡುವ ಹುನ್ನಾರವಿದು, ದುಡಿಯುವ ಜನರಿಗೆ ಬೇಕಾದದ್ದು ಕೂಲಿಯ ಲೆಕ್ಕವೇ ಹೊರತು ಕಟ್ಟುಕತೆಯಲ್ಲ ಎಂದು ನಾವು ಭಾಷಣ ಮಾಡಿದ್ದುಂಟು. ಆ ಮಾತನ್ನು ಇಂದು ತಿದ್ದಿಕೊಳ್ಳಬೇಕಾಗಿದೆ.

ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ 1920ರಲ್ಲಿ ‘ಧೂಮಕೇತು’ ಎಂಬ ಕತೆಯನ್ನು ಪ್ರಕಟಿಸಿದರು. ಜಿಮ್ ಎಂಬ ಕಪ್ಪು ಮನುಷ್ಯ ನ್ಯೂಯಾರ್ಕಿನ ಬ್ಯಾಂಕೊಂದರ ಜವಾನ. ಬೆಲೆಯುಳ್ಳವರನ್ನು ಕಳುಹಿಸಲಾಗದ ಅಪಾಯದ ನೆಲಮಾಳಿಗೆಗೆ ಧಣಿಗಳು ಅವನನ್ನು ಇಳಿಸುತ್ತಾರೆ. ಅಷ್ಟರಲ್ಲಿ ಧೂಮಕೇತುವಿನ ವಿಷಗಾಳಿಗೆ ನಗರವೆಲ್ಲ ಹೆಣವಾಗುತ್ತದೆ; ಕೆಳಗಿದ್ದವನು ಉಳಿಯುತ್ತಾನೆ. ಬದುಕುಳಿದ ಸಿರಿವಂತ ಬಿಳಿಯ ಹೆಣ್ಣೊಬ್ಬಳು ಅವನಿಗೆ ಸಿಗುತ್ತಾಳೆ. ಜಗತ್ತಿನಲ್ಲಿ ತಾವಿಬ್ಬರೇ ಎಂದುಕೊಂಡ ಗಳಿಗೆಯಲ್ಲಿ ಬಣ್ಣದ ಗೋಡೆ ಬಿದ್ದುಹೋಗುತ್ತದೆ. ಆದರೆ ಸತ್ತದ್ದು ಆ ನಗರ ಮಾತ್ರ. ಆಕೆಯ ತಂದೆ ಮತ್ತಿತರರು ಹೊರಗಿನಿಂದ ಬರುತ್ತಲೇ ಗೋಡೆ ಮತ್ತೆ ಎದ್ದು ನಿಲ್ಲುತ್ತದೆ.

ಇದು ಕಾಗಕ್ಕ ಗುಬ್ಬಕ್ಕನ ಕತೆಯೆ? ವರ್ಣಭೇದವು ಸೃಷ್ಟಿನಿಯಮವೆಂದು ಸಾರುತ್ತಿದ್ದವರಿಗೆ, ಅದನ್ನು ಎತ್ತಿ ಹಿಡಿದವರು ಮನುಷ್ಯರೇ ಎಂದು ತೋರಿಸಲು ಡುಬಾಯ್ಸ್ ಆಕಾಶದಿಂದ ಧೂಮಕೇತುವನ್ನೇ ಇಳಿಸಿದರು. ಆಕ್ಟೇವಿಯಾ ಬಟ್ಲರ್ 1979ರಲ್ಲಿ ‘ಕಿಂಡ್ರೆಡ್’ ಕಾದಂಬರಿಯಲ್ಲಿ ತಮ್ಮ ಕಾಲದ ಕಪ್ಪು ಹೆಣ್ಣನ್ನು ಗುಲಾಮಗಿರಿಯ ಕಾಲಕ್ಕೆ ಎಳೆದೊಯ್ದರು. ಆಕೆ ಒಂದು ತೋಳನ್ನು ಕಳೆದುಕೊಂಡು ಹಿಂದಿರುಗುತ್ತಾಳೆ. ಚರಿತ್ರೆ ಮುಗಿದ ಮಾತು ಎನ್ನುವವರಿಗೆ ಆ ತೋಳೇ ಉತ್ತರ. ನಮ್ಮಲ್ಲಿಯೂ ದೇವನೂರ ಮಹಾದೇವ 1984ರ ‘ಕುಸುಮಬಾಲೆ’ಯಲ್ಲಿ, ಮೇಲುಜಾತಿಯ ಹೆಣ್ಣನ್ನು ಒಲಿದು ಕೊಲೆಯಾದ ದಲಿತ ಯುವಕನ ಕತೆಯೊಳಗೆ, ಮನೆಮನೆಯ ದೀಪದ ಜೋತಮ್ಮಗಳನ್ನು ರಾತ್ರಿ ಒಂದೆಡೆ ಸೇರಿಸಿ ಮಾತಾಡಿಸಿದರು. ಊರವರು ಬಾಯಿ ಮುಚ್ಚಿಕೊಂಡಾಗ ದೀಪಗಳಾದರೂ ಮಾತಾಡಬೇಕಲ್ಲವೆ?

ಮೈಸೂರು ಮೈನ್ಸಿನ ಓದುಗರಿಗೆ ಜಿಮ್ಮನನ್ನು ಪರಿಚಯಿಸಬೇಕಾಗಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ತೋಡಿಸಿದಾಗ ಕೆಳಗಿಳಿದವರಲ್ಲಿ ಬಹುಮಂದಿ ಉತ್ತರ ಆರ್ಕಾಟು, ಚಿತ್ತೂರು ಕಡೆಯ ದಲಿತರು. ಬಿಳಿಯರಿಗೆ ಬಂಗಲೆ, ಕ್ಲಬ್ಬು. ಇವರಿಗೆ ತಟ್ಟಿ ಗುಡಿಸಲಿನ ಲೈನು. ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿಲೋಮೀಟರಿಗೂ ಮೀರಿದ ಆಳಕ್ಕೆ ಹೋಯಿತು. ಸುಮಾರು 800 ಟನ್ ಚಿನ್ನ ಮೇಲೆ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಜನರಿಗೆ ಉಳಿದದ್ದು ಸೈನೈಡ್ ಗುಡ್ಡ, ಕಲ್ಲುಧೂಳು ಕುಡಿದ ಎದೆ, ಬಂಗಾರಪೇಟೆಯ ಮೇಲೆ ಹಾದು ಬೆಂಗಳೂರಿಗೆ ದುಡಿಮೆಗೆ ಹೋಗುವ ಮುಂಜಾವಿನ ರೈಲು.

ಕತೆಯೂ ನಮ್ಮ ಕೈಯಲ್ಲಿ ಉಳಿಯಲಿಲ್ಲ. 2018ರ ‘ಕೆ.ಜಿ.ಎಫ್’ ಚಲನಚಿತ್ರ ಊರಿನ ಹೆಸರನ್ನು ದೇಶಕ್ಕೆಲ್ಲ ಸಾರಿತು. ಆದರೆ ಅದರಲ್ಲಿ ಗಣಿಯ ಜನ, ವೀರನೊಬ್ಬ ಬಂದು ಬಿಡಿಸಲೆಂದು ಕಾದಿರುವ ಗುಂಪು. 2024ರ ‘ತಂಗಲಾನ್’ ತಮಿಳು ಚಿತ್ರದಲ್ಲಿ ಪಾ. ರಂಜಿತ್ ಚಿನ್ನ ಕಾಯುವ ಮಾಯಾವಿನಿಯನ್ನು ತಂದು, ಈ ನೆಲ ಮೊದಲು ಯಾರದು ಎಂದು ಕೂಲಿಯವನಿಂದಲೇ ಕೇಳಿಸಿದರು. ಎರಡೂ ಕಲ್ಪನೆಯೇ. ಕಲ್ಪನೆ ಬೇಕೆ, ಬೇಡವೆ ಎಂಬುದಲ್ಲ ಪ್ರಶ್ನೆ. ಅದು ಯಾರ ಪಕ್ಷದಲ್ಲಿ ನಿಂತಿದೆ ಎಂಬುದು.

ಆದ್ದರಿಂದ ಲೈನುಗಳ ತರುಣರಿಗೆ ನಮ್ಮ ವಿನಂತಿ. ಅಜ್ಜ ಅಜ್ಜಿಯರು ಉಳಿದಿರುವಾಗಲೇ ಅವರ ಕತೆಗಳನ್ನು ಕೇಳಿರಿ. ಕನ್ನಡವೋ ತಮಿಳೋ ತೆಲುಗೋ, ಮನೆಯ ಮಾತಿನಲ್ಲಿ ಬರೆಯಿರಿ. ಗಣಿಯಲ್ಲಿ ಮಡಿದವನು ಎದ್ದು ಬಂದು ಹಾಜರಿ ಕೂಗಿಸಿಕೊಳ್ಳಲಿ. ಸೈನೈಡ್ ಗುಡ್ಡ ಬಾಯಿಬಿಟ್ಟು ಸಾಕ್ಷಿ ಹೇಳಲಿ. ಕೂಲಿಯ ಲೆಕ್ಕವನ್ನು ಕಟ್ಟುಕತೆಯಲ್ಲೂ ಕೇಳಬಹುದೆಂದು ನಾವು ತಡವಾಗಿ ಕಲಿತೆವು, ನೀವು ತಡಮಾಡಬೇಡಿರಿ.