ಅಪರಿಚಿತ ಶವದ ಗುರುತು: ಡಿಎನ್‌ಎ ಪರೀಕ್ಷೆ ಮಾಡಿದರೆ ಹೆಸರು ಸಿಗುತ್ತದೆಯೇ?

‘ಅಪರಿಚಿತ ಮಹಿಳೆಯ ಶವ ಪತ್ತೆ, ಕೊಲೆ ಶಂಕೆ. ಗುರುತು ಸಿಗುವವರೆಗೂ ಶೇರ್ ಮಾಡಿ.’ ಇಂಥ ಸಂದೇಶ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದಾಗ ಯಾರಾದರೂ ಕೇಳುವ ಪ್ರಶ್ನೆ: ‘ಡಿಎನ್‌ಎ ಟೆಸ್ಟ್ ಮಾಡಿದರೆ ಗೊತ್ತಾಗಲ್ವಾ?’

ಅಷ್ಟರಿಂದಲೇ ಗೊತ್ತಾಗುವುದಿಲ್ಲ. ಡಿಎನ್‌ಎಯಲ್ಲಿ ಹೆಸರು, ಊರು ಬರೆದಿರುವುದಿಲ್ಲ. ಹೋಲಿಸಿ ನೋಡಲು ತಂದೆ, ತಾಯಿ, ಮಕ್ಕಳಂಥ ರಕ್ತಸಂಬಂಧಿಗಳ ಮಾದರಿ ಬೇಕು. ಬೆರಳಚ್ಚು ತಾಳೆಯಾಗಬೇಕಾದರೆ ಅದು ಮೊದಲೇ ಎಲ್ಲಾದರೂ ದಾಖಲಾಗಿರಬೇಕು. ಹಲ್ಲಿನ ಪರೀಕ್ಷೆಗೂ ಹಳೆಯ ಎಕ್ಸ್‌ರೇ ಬೇಕು. ಹಾಗಾಗಿ ಎಷ್ಟೋ ಸಲ ‘ಇವರು ನಮ್ಮವರಿರಬಹುದು’ ಎಂದು ಯಾರಾದರೂ ಮುಂದೆ ಬರುವವರೆಗೆ ಲ್ಯಾಬ್ ವರದಿ ಫೈಲಿನಲ್ಲೇ ಉಳಿಯುತ್ತದೆ.

31 ವರ್ಷ ಹೆಸರಿಲ್ಲ

1992ರ ಜೂನ್‌ನಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ನಗರದ ನದಿಯೊಂದರಲ್ಲಿ, ಕೊಲೆಯಾದ ಮಹಿಳೆಯ ಶವ ಸಿಕ್ಕಿತು. ಎಡ ಮುಂಗೈ ಮೇಲೆ ಹಸಿರು ಎಲೆಗಳ ಕಪ್ಪು ಹೂವಿನ ಹಚ್ಚೆ ಇತ್ತು. ಆಕೆ ಯಾರೆಂದು ಮಾತ್ರ ತಿಳಿಯಲಿಲ್ಲ.

2023ರ ಮೇನಲ್ಲಿ ಇಂಟರ್‌ಪೋಲ್, ಬೆಲ್ಜಿಯಂ, ಜರ್ಮನಿ, ನೆದರ್ಲೆಂಡ್ಸ್‌ನಲ್ಲಿ ಗುರುತು ಸಿಗದೆ ಉಳಿದಿದ್ದ 22 ಮಹಿಳೆಯರ ವಿವರಗಳನ್ನು ಜನರ ಮುಂದಿಟ್ಟಿತು. ಆ ಹಚ್ಚೆಯ ಚಿತ್ರವನ್ನು ಸುದ್ದಿಯಲ್ಲಿ ಕಂಡ ಬ್ರಿಟನ್‌ನ ಒಂದು ಕುಟುಂಬ ಗುರುತು ಹಿಡಿಯಿತು. 1992ರ ಮೇನಲ್ಲಿ ಬಂದ ಪೋಸ್ಟ್‌ಕಾರ್ಡೇ ಅವರಿಗೆ ಆಕೆಯಿಂದ ಸಿಕ್ಕ ಕೊನೆಯ ಸುದ್ದಿ. 31 ವರ್ಷದ ಆಕೆಗೆ ಹೆಸರು ಮರಳಿ ಸಿಗಲು ಮತ್ತೆ 31 ವರ್ಷ ಬೇಕಾಯಿತು.

ಹೆಸರು ಸಿಕ್ಕ ಮೇಲೆಯೇ ತನಿಖೆಗೆ ದಾರಿ ತೆರೆಯುವುದು. ಸತ್ತವರು ಯಾರೆಂದೇ ಗೊತ್ತಿಲ್ಲದಿದ್ದರೆ, ಕೊನೆಯ ಬಾರಿ ಯಾರ ಜೊತೆಗಿದ್ದರು ಎಂದು ಯಾರನ್ನು ಕೇಳುವುದು?

ಹಾಗಾದರೆ ಫಾರ್ವರ್ಡ್ ಮಾಡಬಹುದೇ?

ಪೊಲೀಸರೇ ಹೊರಡಿಸಿದ ಪ್ರಕಟಣೆಯಾದರೆ, ಠಾಣೆಯ ಹೆಸರು, ದಿನಾಂಕ, ಫೋನ್ ನಂಬರ್ ಸಮೇತ ಹಾಗೆಯೇ ಕಳಿಸಬಹುದು. ಯಾರೋ ಮೊಬೈಲ್‌ನಲ್ಲಿ ತೆಗೆದ ಶವದ ಫೋಟೊ ಬೇಡ. ನೀರಿನಲ್ಲಿದ್ದ ಶವದ ಮುಖ ಊದಿ, ಬಣ್ಣಗೆಟ್ಟು ಮನೆಯವರೂ ತಪ್ಪಾಗಿ ಗುರುತಿಸುವುದುಂಟು. ಹಚ್ಚೆ, ಒಡವೆ, ಬಟ್ಟೆ, ಹಳೆಯ ಆಪರೇಷನ್ ಗುರುತು ಹೆಚ್ಚು ಉಪಯೋಗಕ್ಕೆ ಬರುತ್ತವೆ. ‘ಇವರು ಇಂಥವರೇ’ ಎಂಬ ಅನುಮಾನ ಬಂದರೆ ಗ್ರೂಪಿನಲ್ಲಿ ಹೆಸರು ಹಾಕಬೇಡಿ, ಠಾಣೆಗೆ ತಿಳಿಸಿ. ನಿಮ್ಮ ಊಹೆ ತಪ್ಪಾದರೆ, ಬದುಕಿರುವವರ ಮನೆಯಲ್ಲಿ ಸಾವಿನ ಸುದ್ದಿ ಹಬ್ಬುತ್ತದೆ.

ಇನ್ನೊಂದು ತಪ್ಪು ನಂಬಿಕೆ: ಮನೆಯವರು ಕಾಣೆಯಾದರೆ 24 ಗಂಟೆ ಕಾದು ದೂರು ಕೊಡಬೇಕು ಎನ್ನುವುದು. ಅಂಥ ನಿಯಮ ನಮ್ಮ ದೇಶದಲ್ಲಿಲ್ಲ. ಕೂಡಲೇ ದೂರು ಕೊಡಿ. ಎಲ್ಲೋ ಒಂದು ಶವಾಗಾರದಲ್ಲಿ ಹೆಸರಿಲ್ಲದೆ ಮಲಗಿರುವವರ ವಿವರ ತಾಳೆಯಾಗಬೇಕಾದರೆ, ಈ ಕಡೆ ಅವರನ್ನು ಹುಡುಕುತ್ತಿರುವವರ ದೂರೂ ದಾಖಲಾಗಿರಬೇಕು.