ಅಂಗಡಿ ಒಬ್ಬಟ್ಟಿನ ಜೊತೆ ಸಾರು ಬರಲ್ಲ

ಹೊಲದ ವಿಷಯ ಬರೆಯೋ ಜಾಗದಲ್ಲಿ ಈ ಸಲ ಅಡುಗೆಮನೆ ವಿಷಯ ಬರೀತಿದೀನಿ. ನಗೋರು ಪೂರ್ತಿ ಓದಿ ಆಮೇಲೆ ನಗಿ.

ಅವ್ವ ಇದ್ದಾಗ ಯುಗಾದಿ ಒಬ್ಬಟ್ಟು ಮನೆಯಲ್ಲೇ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚಿದರೆ, ನಾವೆಲ್ಲ ಉಂಡು ಏಳೋವರೆಗೂ ಅವ್ವ, ನಮ್ಮಾಕೆ ಇಬ್ಬರೂ ಒಲೆ ಮುಂದೆನೇ. ಅವ್ವ ಹೋದ ಮೇಲೆ ಭಾರವೆಲ್ಲ ಒಬ್ಬಳ ಮೇಲೆ ಬಿತ್ತು. ಎರಡು ವರ್ಷ ಮಾಡಿದಳು. ಮೂರನೇ ವರ್ಷ ಭುಜದ ನೋವು, ಕೈ ಎತ್ತೋಕೆ ಆಗಲ್ಲ ಅಂದಳು. ನಾನು ದೊಡ್ಡ ಮನಸ್ಸಿನವನ ಥರ "ಬಿಡು, ತಂದರಾಯ್ತು" ಅಂದೆ. ಅದು 2016. ಅಲ್ಲಿಂದ ಪ್ರತಿ ಯುಗಾದಿಗೂ ಜಯನಗರದ ಕಡೆ ಒಂದು ಅಂಗಡಿಗೆ ಫೋನ್ ಮಾಡಿ ನಲವತ್ತು ಒಬ್ಬಟ್ಟು ಹೇಳೋದು, ಬೆಳಗ್ಗೆ ಬನಶಂಕರಿಗೆ ಸೊಪ್ಪು ಹಾಕಿ ವಾಪಸ್ ಬರುವಾಗ ಸಾಲಲ್ಲಿ ನಿಂತು ತರೋದು.

ಒಬ್ಬಟ್ಟು ಚೆನ್ನಾಗೇ ಇರ್ತಿತ್ತು, ಸುಳ್ಳು ಹೇಳಬಾರದು. ಆದರೆ ಒಬ್ಬಟ್ಟಿನ ಸಾರು? ಬೇಳೆ ಬೇಯಿಸಿದ ಕಟ್ಟು ಅಂಗಡಿಯವರ ಪಾತ್ರೆಯಲ್ಲೇ ಉಳೀತು. ಕಟ್ಟಿಲ್ಲದೆ ಆ ಸಾರು ಇಲ್ಲ. ಹಬ್ಬದ ದಿನವೂ ನಮ್ಮ ಮನೇಲಿ ಮಾಮೂಲಿ ಬೇಳೆಸಾರೇ ಆಯ್ತು.

2020ರ ಯುಗಾದಿ ನೆನಪಿದೆಯಾ? ಮಾರ್ಚ್ 25, ಲಾಕ್‌ಡೌನ್ ಶುರುವಾದ ದಿನ. ಅಂಗಡಿ ಬಾಗಿಲು ಹಾಕಿತ್ತು. ಮನೇಲಿ ಬೇಳೆ ಇತ್ತು, ಬೆಲ್ಲ ಇತ್ತು, ಬಿಡುವಂತೂ ಬೇಕಾದಷ್ಟಿತ್ತು. ನಮ್ಮಾಕೆಗೆ ಕೈ ಆಡ್ತಿರಲಿಲ್ಲ, ನನಗೆ ಕೆಲಸ ಬರ್ತಿರಲಿಲ್ಲ. ಬೇವು-ಬೆಲ್ಲ ತಿಂದು ಅನ್ನ-ಸಾರು ಉಂಡು ಮಲಗಿದ್ವಿ. ಅವತ್ತು ನಾಚಿಕೆ ಆಯ್ತು. ಆದರೂ ಒಲೆ ಮುಂದೆ ಕೂರೋಕೆ ಇನ್ನೂ ನಾಲ್ಕು ವರ್ಷ ಹಿಡೀತು.

2024ರಲ್ಲಿ ಮೊದಲ ಸಲ ಕೈ ಹಾಕಿದೆ. ಬೇಳೆ ಕುಕ್ಕರ್‌ಗೆ ಹಾಕಿ ಐದು ವಿಷಲ್ ಕೂಗಿಸಿದೆ. ಬೇಳೆ, ಕಟ್ಟು ಎಲ್ಲ ಒಂದಾಗಿ ಗಂಜಿ. ಬೆಲ್ಲ ಹಾಕಿದ ಮೇಲೆ ಪಾಯಸ. ಕಣಕವನ್ನ ಚಪಾತಿ ಹಿಟ್ಟಿನ ಥರ ಗಟ್ಟಿ ಕಲಸಿದ್ದೆ, ತಟ್ಟಿದ ಕಡೆಯೆಲ್ಲ ಹರೀತು. ನಮ್ಮಾಕೆ ಕುರ್ಚಿ ಮೇಲೆ ಕೂತು "ರೀ, ಬಿತ್ತನೆಗೆ ಹದ ನೋಡ್ತೀರಲ್ಲ, ಇದಕ್ಕೆ ಹದ ಬೇಡ್ವಾ?" ಅಂದಳು. ಮಾತು ನಾಟಿತು.

ಈ ವರ್ಷ, ಮಾರ್ಚ್ 30ರ ಭಾನುವಾರ, ಅವಳು ಹೇಳಿದಂಗೆ ಮಾಡಿದೆ. ಒಂದು ಕೆಜಿ ಬೇಳೆಯನ್ನ ತೆರೆದ ಪಾತ್ರೆಯಲ್ಲಿ, ನೀರು ಜಾಸ್ತಿ ಇಟ್ಟು ಬೇಯಿಸೋದು. ಬೆರಳಲ್ಲಿ ಹಿಸುಕಿದರೆ ಮೆತ್ತಗಿರಬೇಕು, ಕರಗಿ ಹೋಗಬಾರದು. ಕಟ್ಟು ಬಸಿದು ಸಾರಿಗೆ ಎತ್ತಿಡೋದು. ಬೇಳೆಗೆ ಸಮ ತೂಕದ ಬೆಲ್ಲ ಹಾಕಿ ನೀರಾರೋವರೆಗೂ ಮಗುಚಿ, ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬೋದು. ಕಣಕಕ್ಕೆ ಚಿರೋಟಿ ರವೆ, ಮೈದಾ, ಚಿಟಿಕೆ ಅರಿಶಿನ. ಮೆತ್ತಗೆ ಕಲಸಿ, ಚೆನ್ನಾಗಿ ನಾದಿ, ಮೇಲೆ ಎಣ್ಣೆ ಸುರಿದು ಎರಡು ಗಂಟೆ ಮುಚ್ಚಿಡೋದು. ಮೊದಲ ನಾಲ್ಕು ವಕ್ರ ಬಂದವು. ಐದನೆಯದು ದುಂಡಗಾಯ್ತು.

ಸಾರಿಗೆ ಕಟ್ಟು, ಹುಣಸೆಹುಳಿ, ಎರಡು ಚಮಚ ಹೂರಣ, ಹುರಿದು ರುಬ್ಬಿದ ಮಸಾಲೆ, ಬೆಳ್ಳುಳ್ಳಿ-ಕರಿಬೇವಿನ ಒಗ್ಗರಣೆ. ನಮ್ಮಾಕೆ ಒಂದು ತುತ್ತು ಕಲಸಿ ಬಾಯಿಗಿಟ್ಟು ಸುಮ್ಮನಾದಳು. ಆಮೇಲೆ "ಅತ್ತೆ ಸಾರು" ಅಂದಳು. ಅಷ್ಟೇ.

ಈಗ ನನ್ನ ಅಭಿಪ್ರಾಯ. ಅಂಗಡಿಯಿಂದ ತರೋದು ತಪ್ಪು ಅಂತ ಹೇಳ್ತಿಲ್ಲ. ಅಂಗಡಿಯವರ ಕೈಕೆಲಸಕ್ಕೂ ಬೆಲೆ ಇದೆ. ಆದರೆ ಲೆಕ್ಕ ಹಾಕಿ. ತೊಗರಿಗೆ 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 7,550, ಅಂದರೆ ಕೆಜಿಗೆ ಎಪ್ಪತ್ತೈದೂವರೆ ರೂಪಾಯಿ. ಒಂದು ಕೆಜಿ ಬೇಳೆಗೆ ನಲವತ್ತು ಒಬ್ಬಟ್ಟು ಆಗುತ್ತೆ. ಆ ನಲವತ್ತಕ್ಕೆ ನಾನು ಕೊಡ್ತಿದ್ದದ್ದು 1,200 ರೂಪಾಯಿ. ಬೆಳೆಯೋರೇ ನಾವು, ಸಾಲಲ್ಲಿ ನಿಲ್ಲೋರೂ ನಾವೇ.

ಇನ್ನೊಂದು. ಒಬ್ಬಟ್ಟು ಅಂಗಡಿಯಿಂದ ಬರೋಕೆ ಶುರುವಾದ ಮೇಲೆ ನಾನು ರಾಗಿ ನಡುವೆ ತೊಗರಿ ಅಕ್ಕಡಿ ಸಾಲು ಬಿಡೋದೇ ನಿಲ್ಲಿಸಿದ್ದೆ. ಮನೆ ಖರ್ಚಿಗೆ ಬೇಡ ಅಂದಮೇಲೆ ಯಾಕೆ ಅಂತ. ಮೊದಲು ಒಲೆಯಿಂದ ಹೋಯ್ತು, ಆಮೇಲೆ ಹೊಲದಿಂದ, ಕೊನೆಗೆ ಬೀಜದ ಮಡಕೆಯಿಂದ. ಹೋದ ವರ್ಷ ಮತ್ತೆ ಹಾಕಿದೆ. ಕಾಳು ನೆನೆಸಿ, ಕೆಮ್ಮಣ್ಣು ಸವರಿ, ಒಣಗಿಸಿ, ಅವ್ವನ ಬೀಸೋಕಲ್ಲಲ್ಲಿ ಒಡೆದ ಬೇಳೆಯೇ ಈ ಹಬ್ಬಕ್ಕಾಯ್ತು.

ಕೊನೇ ಮಾತು ಗಂಡಸರಿಗೆ. ಹೊಸತೊಡಕಿಗೆ ತಿಂಗಳು ಮುಂಚೆನೇ ಚೀಟಿ ಹಾಕಿ ಗುಡ್ಡೆ ಬಾಡು ಹಂಚಿಕೊಳ್ತೀವಿ. ಬೀಗರೂಟಕ್ಕೆ ಸೌದೆ ಒಲೆ ಮುಂದೆ ನಿಂತು ಹಂಡೆಗಟ್ಟಲೆ ಬಾಡು ಬೇಯಿಸ್ತೀವಿ. ಅದಕ್ಕೆ ಹಿಂದಿನ ದಿನದ ಒಬ್ಬಟ್ಟು ಮಾತ್ರ ಹೆಂಗಸರ ಕೆಲಸ ಹೆಂಗಾಯ್ತು? ಹಳೇ ಹಬ್ಬ ಹೋಯ್ತು, ಸೊಸೆಯಂದಿರಿಗೆ ಏನೂ ಬರಲ್ಲ ಅಂತ ಕಟ್ಟೆ ಮೇಲೆ ಕೂತು ಗೊಣಗೋದು ಸುಲಭ. ಹಬ್ಬ ಕೆಟ್ಟಿದ್ದು ಅವರಿಂದಲ್ಲ. ಇಬ್ಬರ ಕೆಲಸ ಒಬ್ಬಳ ಭುಜದ ಮೇಲೆ ಬಿದ್ದಾಗ ನಾವು ಎದ್ದು ಹೋಗಿ ಕೈ ಕೊಡಲಿಲ್ಲ, ಅದಕ್ಕೆ ಕೆಟ್ಟಿತು. ನಾನೂ ಅದರಲ್ಲಿ ಒಬ್ಬ.

ರಾಗಿ ಬಿತ್ತೋಕೆ ಇನ್ನೂ ಎರಡು ತಿಂಗಳಿದೆ. ಅಕ್ಕಡಿಗೆ ತೊಗರಿ ಬೀಜ ಬೇಕು ಅನ್ನೋರು ಮನೆ ಹತ್ರ ಬನ್ನಿ, ಒಂದೊಂದು ಪಾವು ಕೊಡ್ತೀನಿ. ದುಡ್ಡು ಬೇಡ. ಮುಂದಿನ ಯುಗಾದಿಗೆ ನೀವೇ ತಟ್ಟಿದ ಒಬ್ಬಟ್ಟು ಎರಡು ತಂದುಕೊಡಿ. ವಕ್ರ ಇದ್ದರೂ ಪರವಾಗಿಲ್ಲ, ಜೊತೆಗೆ ಒಂದು ಲೋಟ ಸಾರು ಇರಲಿ.